ಮೋಟಕ್ಕ ಒಪ್ಪಬೇಕು

ನಮ್ಮ ಊರಲ್ಲಿ ಮದುವೆ ಮಾತುಕತೆ ಮನೆಯೊಳಗೆ ನಡೆಯುವುದಿಲ್ಲ. ಕೆರೆ ಏರಿಯ ಮೇಲೆ ಜಮಖಾನ ಹಾಸಿ, ಬಿಸಿಲಾದರೆ ಕೊಡೆ ಹಿಡಿದು, ಬಯಲಲ್ಲೇ ಮುಗಿಸುತ್ತೇವೆ. ಎಮ್ಮೆ ಕೊಳ್ಳುವುದು, ಹೊಲ ಮಾರುವುದು, ಮುನಿಸಿಕೊಂಡು ತವರಿಗೆ ಹೋದ ಸೊಸೆಯನ್ನು ಕರೆತರುವುದು, ಎಲ್ಲ ಬಯಲಿನ ಮಾತೇ. ಮನೆ ಎಂದ ಮೇಲೆ ಗೋಡೆ ಇರುತ್ತದೆ, ಗೋಡೆ ಎಂದ ಮೇಲೆ ಹಲ್ಲಿ ಇರುತ್ತದೆ. ನಿಜದ ಮಾತು ಕಿವಿಗೆ ಬಿದ್ದರೆ ನಮ್ಮೂರಿನ ಹಲ್ಲಿ ಲೊಚಗುಟ್ಟದೆ ಬಿಡುವುದಿಲ್ಲ. ಸುಳ್ಳು ಕೇಳಿದರೆ ಸುಮ್ಮನೆ ನೋಡುತ್ತದೆ. ಆ ಸುಮ್ಮನೆ ನೋಡುವುದೇ ತಡೆಯಲಾಗದ್ದು. ನನ್ನ ತಂಗಿಯನ್ನು ನೋಡಲು ಬಂದ ಪರಊರಿನವರೊಬ್ಬರು ತಿಳಿಯದೆ ಒಳಗೇ ಕೂತು, "ನಮ್ಮ ಹುಡುಗ ಬೀಡಿ ಅಂದ್ರ ಏನಂತ ಕಂಡವನಲ್ಲ" ಎಂದುಬಿಟ್ಟರು. ಆಮೇಲೆ ಎಲ್ಲರೂ ಗೋಡೆ ನೋಡುತ್ತ ಕೂತೆವು, ಚಹಾ ಆರಿಹೋಯಿತು, ಸಂಬಂಧವೂ ಹೋಯಿತು. ಅದಕ್ಕೇ ನಮ್ಮಲ್ಲಿ ಹಲ್ಲಿ ಬರದಿರಲೆಂದು ಮನೆಮನೆಯ ಗೋಡೆಗೂ ಮೊಟ್ಟೆ ಚಿಪ್ಪು ನೇತುಹಾಕುತ್ತಾರೆ. ಮೊಟ್ಟೆ ಮುಟ್ಟದ ನಮ್ಮಂಥವರು ನವಿಲುಗರಿ ಸಿಕ್ಕಿಸುತ್ತೇವೆ.

ಚಿಪ್ಪೂ ಇಲ್ಲದ, ಗರಿಯೂ ಇಲ್ಲದ ಕಟ್ಟಡ ಒಂದೇ, ಗುಡ್ಡದ ಮೇಲಿನ ಕಾಲೇಜು. ಅಲ್ಲಿ ಸೇರಬೇಕಾದರೆ ಪ್ರವೇಶ ಪರೀಕ್ಷೆ ಪಾಸಾಗಬೇಕು. ಪರೀಕ್ಷೆ ಎಂದರೆ ಹಾಳೆ, ಪೆನ್ನು, ಹಾಲ್ ಟಿಕೆಟ್ಟು ಯಾವುದೂ ಅಲ್ಲ. ದೊಡ್ಡ ಹಾಲಿನ ನಡುವೆ ಬಂದು ನಿಲ್ಲಬೇಕು. ಪ್ರಿನ್ಸಿಪಾಲ್ ಅಂಬಾಬಾಯಿ ಪ್ರಶ್ನೆ ಕೇಳುತ್ತಾರೆ, ಹುಡುಗರು ಉತ್ತರ ಹೇಳುತ್ತಾರೆ, ಗಡಿಯಾರದ ಪಕ್ಕದಲ್ಲಿರುವ ಹಲ್ಲಿ ಲೊಚಗುಟ್ಟಿದರೆ ಉತ್ತರ ಸರಿ. ಆ ಹಲ್ಲಿಯ ಬಾಲ ಎಂದೋ ಉದುರಿದೆ, ಮತ್ತೆ ಚಿಗುರಲಿಲ್ಲ. ಹಾಗಾಗಿ ಅದು ಮೋಟಕ್ಕ. ಸಮಿತಿಯವರ ಮೇಲೆ ಗುಮಾನಿ ಪಟ್ಟವರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ, ಮೋಟಕ್ಕನ ಮೇಲೆ ಒಬ್ಬರೂ ಪಟ್ಟಿಲ್ಲ. ಅದು ಲೊಚ್ ಎಂದ ಕೂಡಲೇ ಹಾಲಿನಲ್ಲಿದ್ದವರೆಲ್ಲ ಬೆರಳು ಮಡಚಿ ಬೆಂಚು ತಟ್ಟಿ "ಶಿವ ಶಿವ" ಎನ್ನುತ್ತಾರೆ. ಮನೆಯಲ್ಲಾದರೆ ನೆಲ ತಟ್ಟುತ್ತೇವೆ. ನಮ್ಮೂರಿನ ಕೂಸುಗಳು ಮಾತು ಕಲಿಯುವ ಮೊದಲೇ ಇದನ್ನು ಕಲಿಯುತ್ತವೆ.

ಇಂಥ ಊರಿನಲ್ಲಿ ಬಾಯಿಯ ಬಲದಿಂದಲೇ ಬದುಕುವ ಮನುಷ್ಯನನ್ನು ನನಗೆ ಕಟ್ಟಿದರು. ನಮ್ಮ ಯಜಮಾನರು ಗುರುಬಸಪ್ಪ ಮಾಸ್ತರರು, ನಿಶ್ಚಿತ ಕೋಚಿಂಗ್ ಕ್ಲಾಸಿನ ಸಂಸ್ಥಾಪಕರು. ಬೆಳಗ್ಗೆ ಎದ್ದು ಹಲ್ಲುಜ್ಜುವಾಗಲೂ ಅವರಿಗೆ ಯಾರಿಗಾದರೂ ಏನನ್ನಾದರೂ ಹೇಳಿಕೊಡುತ್ತಿರಬೇಕು. ಯಾರೂ ಸಿಗದಿದ್ದರೆ ನನಗೆ ಬ್ರಷ್ ಹಿಡಿಯುವುದನ್ನು ಹೇಳಿಕೊಡುತ್ತಾರೆ. ದನಿಯೋ, ಪಡಸಾಲೆಯಲ್ಲಿ ಕೂತು ಮಾತಾಡಿದರೆ ಹಿತ್ತಲಲ್ಲಿ ಬಟ್ಟೆ ಒಗೆಯುವವಳಿಗೆ ವ್ಯಾಕರಣ ಬರುತ್ತದೆ. ಕೆಟ್ಟವರಲ್ಲ, ಅದನ್ನು ನಾನು ಯಾವ ಗೋಡೆಯ ಮುಂದೆ ಬೇಕಾದರೂ ಹೇಳಬಲ್ಲೆ.

ಅವರ ಹೆಸರು ಎದ್ದದ್ದು ಒಂದು ಉಪಾಯದಿಂದ. ಮೋಟಕ್ಕ ನೋಡುವುದು ಮಾತು ನಿಜವೋ ಅಲ್ಲವೋ ಎಂದು ಮಾತ್ರ, ಕೇಳಿದ್ದಕ್ಕೆ ಹೇಳಿದ್ದು ಹೊಂದುತ್ತದೆಯೋ ಇಲ್ಲವೋ ಅದರ ತಲೆಗೆ ಹೋಗದು ಎಂಬುದನ್ನು ಮೊದಲು ಕಂಡುಕೊಂಡವರು ಇವರು. "ಉತ್ತರ ಗೊತ್ತಿರಬೇಕಂತ ಯಾರ ಹೇಳ್ಯಾರ? ಸುಳ್ಳಾಗಬಾರದು, ಅಷ್ಟ" ಎಂದು ಮಕ್ಕಳಿಗೆ ಕಲಿಸಿದರು. ಕೋಟೆ ಕಟ್ಟಿಸಿದವರು ಯಾರು ಎಂದರೆ, ಕೋಟೆ ಬೇಕಾಗಿದ್ದ ಒಬ್ಬ ದೊರೆ. ಲೊಚ್. ಚಂದ್ರ ಎಷ್ಟು ದೂರ ಎಂದರೆ, ನಡೆದು ಹೋಗುವಷ್ಟು ಹತ್ತಿರ ಇಲ್ಲ. ಲೊಚ್. ಇವರ ಕ್ಲಾಸಿನ ಹುಡುಗರು ಹಿಂಡುಹಿಂಡಾಗಿ ಕಾಲೇಜು ಸೇರಿ, ಓದು ಮುಗಿಸಿ ಇಳಿದು ಬಂದರು. ಈಗ ಹೊಟ್ಟೆನೋವು ಎಂದು ದವಾಖಾನೆಗೆ ಹೋದರೆ ಡಾಕ್ಟರು ಮುಟ್ಟಿ ನೋಡಿ, "ನಿಮಗ ಹೊಟ್ಟಿಯೊಳಗ ನೋವೈತಿ" ಎನ್ನುತ್ತಾರೆ. ಹಳ್ಳದ ಸೇತುವೆ ಯಾಕೆ ಬಿತ್ತು ಎಂದು ಕೇಳಿದ್ದಕ್ಕೆ ಇಂಜಿನಿಯರು "ನಿಲ್ಲಾಕ ಆಗಲಿಲ್ಲ, ಅದಕ್ಕ" ಎಂದು ವರದಿ ಕೊಟ್ಟ. ಅವನೂ ನಮ್ಮ ಪಡಸಾಲೆಯಲ್ಲಿ ಕೂತು ಕಲಿತವನೇ, ಸೇತುವೆ ಬಿದ್ದ ದಿನವೂ ಬಂದು ಮಾಸ್ತರರ ಕಾಲಿಗೆ ನಮಸ್ಕಾರ ಮಾಡಿ ಹೋದ.

ಇಷ್ಟೆಲ್ಲ ಕಲಿಸಿದವರಿಗೆ ತಮ್ಮ ಮಗಳಿಗೆ ಮಾತ್ರ ಕಲಿಸಲಾಗಲಿಲ್ಲ. ನಮ್ಮ ಚಂಪಾ ದಡ್ಡಿಯಲ್ಲ. ಅವಳಿಗೆ ಸುತ್ತುಬಳಸಿ ಮಾತಾಡಲು ಬರುವುದಿಲ್ಲ, ನನ್ನ ಕಡೆಯ ಗುಣ. ಹೋದ ವರ್ಷ ಪರೀಕ್ಷೆಗೆ ನಿಂತವಳು ಅಪ್ಪ ಹೇಳಿಕೊಟ್ಟ ಉಪಾಯವನ್ನೆಲ್ಲ ಮರೆತುಬಿಟ್ಟಳು. ಮೊದಲ ಪ್ರಶ್ನೆಗೆ, "ನನಗ ಗೊತ್ತಿಲ್ರಿ" ಎಂದಳು. ಮೋಟಕ್ಕ ಲೊಚಗುಟ್ಟಿತು. ಎರಡನೆಯದಕ್ಕೂ ಗೊತ್ತಿಲ್ಲ ಎಂದಳು. ಅದಕ್ಕೂ ಲೊಚಗುಟ್ಟಿತು. ಕೊನೆಯ ಪ್ರಶ್ನೆಯ ತನಕ ಒಂದೇ ಉತ್ತರ, ಒಂದಕ್ಕೂ ತಪ್ಪದೆ ಲೊಚ್. ಒಂದನ್ನೂ ಅರಿಯದ ಹುಡುಗಿಗೆ ಪೂರಾ ಅಂಕ. ಸಮಿತಿಯವರು ಬಾಗಿಲು ಹಾಕಿಕೊಂಡು ಕಿತ್ತಾಡಿದ್ದು ಗುಡ್ಡದ ಕೆಳಗಿನ ಸಂತೆಯ ತನಕ ಕೇಳಿಸಿತು. ಹೊರಗೆ ಬಂದ ಅಂಬಾಬಾಯಿ, ಈ ವರ್ಷದ ಪರೀಕ್ಷೆ ರದ್ದು, ಬರುವ ವರ್ಷದಿಂದ ಪದ್ಧತಿಯೇ ಬೇರೆ ಎಂದು ಸಾರಿದರು. ಪರೀಕ್ಷೆಗೆ ಒಬ್ಬರು ಎರಡು ಸಲ ಮಾತ್ರ ನಿಲ್ಲಬಹುದು. ಚಂಪಾಳ ಒಂದು ಸಲ ಹೀಗೆ ಹಾಳಾಯಿತು.

ಹೊಸ ಪದ್ಧತಿ ಗೊತ್ತಾದ ದಿನ ಊರಿಗೆ ಊರೇ ತಲೆ ಮೇಲೆ ಕೈ ಹೊತ್ತು ಕೂತಿತು. ಇತಿಹಾಸ ಇಲ್ಲ, ವಿಜ್ಞಾನ ಇಲ್ಲ, ಲೆಕ್ಕ ಇಲ್ಲ. ಮೂರೇ ಪ್ರಶ್ನೆ. ನಿನಗೆ ಏನು ಇಷ್ಟ, ನಿನಗೆ ಯಾವುದರ ಭಯ, ಈ ಕಾಲೇಜಿಗೆ ನೀನು ಯಾಕೆ ಬರಬೇಕು. ಗೊತ್ತಿಲ್ಲ ಎನ್ನುವಂತಿಲ್ಲ. ಒಂದು ಪ್ರಶ್ನೆಗೆ ಎರಡು ಸಲ ಬಾಯಿ ತೆರೆಯಬಹುದು. ಮೂರಕ್ಕೂ ಮೋಟಕ್ಕ ಒಪ್ಪಿದರೆ ಸೀಟು. ಹಳೆಯ ಕಟ್ಟಳೆಗಳು ಹಾಗೇ ಉಳಿದವು. ಕಾಲೇಜು ಸೇರಿದವರು ಗುಡ್ಡದ ಮೇಲಿನ ಹಾಸ್ಟೆಲಿನಲ್ಲೇ ಇರಬೇಕು. ಪರೀಕ್ಷೆಯ ಹೊತ್ತಿನಲ್ಲಿ ಮಗುವನ್ನು ಕರೆತಂದ ಹಿರಿಯರು ಎದುರಿನ ಸ್ಟೂಲಿನ ಮೇಲೆ ಕೂತಿರಬೇಕು, ಎದ್ದರೆ ಪರೀಕ್ಷೆ ರದ್ದು, ತುಟಿ ಬಿಚ್ಚಿದರೂ ರದ್ದು. ಹಿಂದೆ ಹಿರಿಯರೆಲ್ಲ ಕಿಟಕಿಯ ಹೊರಗೆ ನಿಂತು ಉತ್ತರ ಪಿಸುಗುಟ್ಟುತ್ತಿದ್ದರು, ಅದಕ್ಕೆ ಮಾಡಿದ ಕಟ್ಟಳೆ ಅದು.

"ಇದೇನ ಪರೀಕ್ಷೆ? ಇದಕ್ಕ ಸಿಲಬಸ್ ಎಲ್ಲೈತಿ?" ಎಂದು ನಮ್ಮವರು ದಿನವಿಡೀ ಪಡಸಾಲೆಯಲ್ಲಿ ತಿರುಗಾಡಿದರು. ಸಂಜೆ ಹೊತ್ತಿಗೆ ಸಿಲಬಸ್ಸನ್ನು ತಾವೇ ಹುಟ್ಟಿಸಿದರು. ಬೋರ್ಡಿನ ಮೇಲೆ ಮಾದರಿ ಉತ್ತರಗಳು ಬಂದವು. ನನಗೆ ಓದುವುದು ಇಷ್ಟ. ನನಗೆ ಅಜ್ಞಾನದ ಭಯ. ಸಮಾಜದ ಸೇವೆಗಾಗಿ ನಾನು ಕಾಲೇಜಿಗೆ ಬರಬೇಕು. ಮಕ್ಕಳು ಒಕ್ಕೊರಲಿನಿಂದ ಹಾಡಿದರು. ಅಷ್ಟು ಚೆಂದ ಹಾಡಿದರು, ಬೀದಿಯ ನಾಯಿಗೂ ಸಮಾಜಸೇವೆ ಮಾಡುವ ಮನಸ್ಸಾಗಿರಬೇಕು.

ಅಭ್ಯಾಸಕ್ಕೆ ಹಲ್ಲಿ ಬೇಕಲ್ಲ. ಅಲ್ಲಿಯ ತನಕ ಪೊರಕೆಯಲ್ಲಿ ಓಡಿಸುತ್ತಿದ್ದ ಹಲ್ಲಿಗೆ ಇದ್ದಕ್ಕಿದ್ದ ಹಾಗೆ ಮಾನ ಬಂತು. ಊರಿನ ಮನೆಗಳಲ್ಲಿ ಚಿಪ್ಪುಗಳು ಇಳಿದವು, ನಮ್ಮ ನವಿಲುಗರಿಗಳು ಟ್ರಂಕಿನ ತಳ ಸೇರಿದವು. ನಮ್ಮವರು ರಾತ್ರಿಯೆಲ್ಲ ಪಡಸಾಲೆಯ ದೀಪ ಉರಿಸಿ ಹುಳ ಬರುವ ಹಾಗೆ ಮಾಡಿದರು, ಹುಳದ ಹಿಂದೆ ಹಲ್ಲಿಗಳು ಬಂದವು. ಒಂದು ನನ್ನ ಸಾಸಿವೆ ಡಬ್ಬಿಯ ಹಿಂದೆ ಸಂಸಾರ ಹೂಡಿತು. ಆ ದಿನಗಳಲ್ಲಿ ಊರು ಅನುಭವಿಸಿದ್ದನ್ನು ಏನೆಂದು ಹೇಳಲಿ. ನೆಂಟರು ಬಂದರೆ "ಬಂದದ್ದು ಭಾಳ ಸಂತೋಷ ಆತು" ಎನ್ನುವ ಹಾಗಿಲ್ಲ. ಪಕ್ಕದ ಮನೆಯವಳು ನನ್ನ ಸೀರೆ ನೋಡಿ "ಎಷ್ಟ ಚಂದ ಐತ್ರಿ" ಎಂದಳು, ಇಬ್ಬರೂ ತುಸು ಹೊತ್ತು ಕಾದು ನೋಡಿ, ಅವಳು ಮನೆಗೆ ಹೋದಳು. ನಮ್ಮವರು ಅಭ್ಯಾಸಬಲದಿಂದ ಊಟಕ್ಕೆ ಕೂತು "ನಿನ್ನ ಬದನೆಕಾಯಿ ಪಲ್ಯಾ ಅಂದ್ರ ನನಗ ಪಂಚಪ್ರಾಣ" ಎಂದರು. ಮದುವೆಯಾದಂದಿನಿಂದ ಕೇಳಿದ ಮಾತು. ಗೋಡೆಯ ಮೇಲಿದ್ದ ಅಷ್ಟೂ ಹಲ್ಲಿಗಳು ಅವರನ್ನು ನೋಡಿದವು. ನಾನೂ ನೋಡಿದೆ. ಅವರ ಕಿವಿ ಕೆಂಪಾಯಿತು. ಸಿಕ್ಕಿಬಿದ್ದಾಗ ಅವರ ಕಿವಿ ಕೆಂಪಾಗುತ್ತದೆ, ಹಲ್ಲಿ ಇಲ್ಲದ ಕಾಲದಲ್ಲೂ ನನಗೆ ಅಷ್ಟೇ ಸಾಕಾಗುತ್ತಿತ್ತು. ಮರುದಿನದಿಂದ ಬದನೆಕಾಯಿ ಬಿಟ್ಟು ಹೀರೇಕಾಯಿ ಮಾಡಿದೆ.

ಕ್ಲಾಸಿನಲ್ಲಿ ಇನ್ನೂ ಕೆಟ್ಟ ಪರಿಸ್ಥಿತಿ. ಒಬ್ಬೊಬ್ಬರಾಗಿ ಎದ್ದು ಸಮಾಜಸೇವೆ ಎನ್ನುತ್ತಾರೆ, ಗೋಡೆ ಸುಮ್ಮನಿರುತ್ತದೆ. ಅಕ್ಕಿ ಗಿರಣಿಯವರ ಮಗ ಮಹಾಂತೇಶ, ಎಮ್ಮೆಯ ಹಾಗೆ ನಿಧಾನದ ಹುಡುಗ, ನಿಂತಲ್ಲೇ ತೂಕಡಿಸುತ್ತ "ನನಗ ನಿದ್ದಿ ಇಷ್ಟ" ಎಂದುಬಿಟ್ಟ. ಗೋಡೆಗೆ ಗೋಡೆಯೇ ಲೊಚಗುಟ್ಟಿತು. ನಮ್ಮವರು ಸುಣ್ಣದ ಕಡ್ಡಿ ಕೆಳಗಿಟ್ಟು ಕುರ್ಚಿಯಲ್ಲಿ ಕೂತರು. "ಇದನ್ನ ಕಲಿಸೂದು ಹೆಂಗ?" ಎಂದು ನನ್ನನ್ನು ಕೇಳಿದರು. ಅವರು ನನ್ನನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು.

"ಕಲಸಬ್ಯಾಡ್ರಿ. ಹುಡುಗರು ತಮಗೇನ ಅನಸ್ತದೋ ಅದನ್ನ ಹೇಳಲಿ" ಎಂದೆ.

"ಅನಸಿದ್ದನ್ನ ಹೇಳಾಕ ಕ್ಲಾಸ್ ಯಾಕ ಬೇಕು?" ಎಂದರು. ಆ ಮಾತಿಗೂ ಗೋಡೆ ಲೊಚಗುಟ್ಟಲಿಲ್ಲ, ಅದು ಪ್ರಶ್ನೆಯಾದ್ದರಿಂದ. ಆದರೆ ಅವರ ಮುಖ ನೋಡಿ ನನಗೆ ಪಾಪ ಅನಿಸಿತು. ಒಬ್ಬೊಬ್ಬರೇ ಹುಡುಗರು ಕ್ಲಾಸು ಬಿಟ್ಟರು. ಕೊನೆಗೆ ಉಳಿದದ್ದು ಒಬ್ಬಳು, ಚಂಪಾ. ಅವಳು ಬಿಟ್ಟು ಹೋಗುವ ಹಾಗಿರಲಿಲ್ಲ, ಮನೆ ಅದೇ.

ಇಡೀ ಕ್ಲಾಸಿಗೆ ಹಂಚಿಹೋಗುತ್ತಿದ್ದ ದನಿ ಈಗ ಒಬ್ಬಳ ಮೇಲೆ ಸುರಿಯತೊಡಗಿತು. ಅವಳು ತಲೆ ಬಾಚಿಕೊಳ್ಳುವಾಗ, ಉಣ್ಣುವಾಗ, ತುಳಸಿಗೆ ನೀರು ಹಾಕುವಾಗ, ಬೆನ್ನ ಹಿಂದೆ ಅಪ್ಪ. "ಕಾಲೇಜಿಗೆ ಯಾಕ ಬರಬೇಕು? ಹೇಳು. ಜ್ಞಾನಕ್ಕ. ಬ್ಯಾಡ, ಜ್ಞಾನಾರ್ಜನೆಗೆ ಅನ್ನು." ಅವಳು ಅನ್ನುತ್ತಿದ್ದಳು. ಹಲ್ಲಿಗಳು ನೋಡುತ್ತಿದ್ದವು. "ತಂದೆಯ ಹೆಸರು ಬೆಳಗಿಸಾಕ ಅನ್ನು." ಅವಳು ಅಂದಳು. ಹಲ್ಲಿಗಳು ಬೇರೆ ಕಡೆ ನೋಡಿದವು. ಅವರಿಗೆ ಚಂಪಾಳ ಮೇಲೆ ಇದ್ದದ್ದು ಸಿಟ್ಟಲ್ಲ, ಹೆದರಿಕೆ. ಊರಿನ ಮಕ್ಕಳನ್ನೆಲ್ಲ ಗುಡ್ಡ ಹತ್ತಿಸಿ ಸ್ವಂತ ಮಗಳು ಕೆಳಗೇ ಉಳಿದರೆ ಏನು ಮಾಡುವುದು ಎಂದು ಅವರು ನಿದ್ದೆಗೆಡುತ್ತಿದ್ದರು.

ಒಂದು ಮಧ್ಯಾಹ್ನ ಅವರು ಪಡಸಾಲೆಯಲ್ಲಿ ಹೊಸ ವಾಕ್ಯ ಹೊಸೆಯುತ್ತಿದ್ದಾಗ ಚಂಪಾ ಅಡುಗೆಮನೆಗೆ ಬಂದು ನನ್ನ ಪಕ್ಕ ಕೂತಳು. ಸೊಪ್ಪು ಸೋಸುತ್ತ ನಾನು ಮೆಲ್ಲಗೆ ಕೇಳಿದೆ. "ಯವ್ವಾ, ನಿನಗ ಕಾಲೇಜಿಗೆ ಹೋಗೂ ಮನಸೈತೋ ಇಲ್ಲೋ? ಇಲ್ಲಂದ್ರ ಇಲ್ಲಾ ಅನ್ನು, ನಾ ನೋಡಕೋತೀನಿ."

"ಐತಿ. ಭಾಳ ಐತಿ" ಎಂದಳು. ಸಾಸಿವೆ ಡಬ್ಬಿಯ ಹಿಂದಿನಿಂದ ಲೊಚ್ ಎಂದಿತು. ನೆಲ ತಟ್ಟಿದೆ.

"ಯಾಕ?"

ಬಾಗಿಲ ಕಡೆ ನೋಡಿ, ಸೊಪ್ಪಿನ ಕಡ್ಡಿ ಮುರಿಯುತ್ತ, ತಲೆ ಎತ್ತದೆ ಹೇಳಿದಳು. "ಅಪ್ಪನ ದನಿ ಕೇಳಸದ ಕಡೆ ಒಂದಷ್ಟ ದಿನ ಇರಬೇಕವ್ವಾ. ನನ್ನ ತಲಿಯೊಳಗ ನನ್ನ ದನಿ ಹೆಂಗೈತಿ ಅನ್ನೂದ ನನಗ ಮರತ ಹೋಗೇತಿ."

ಡಬ್ಬಿಯ ಹಿಂದಿನ ಹಲ್ಲಿ ಲೊಚಗುಟ್ಟಿದ ರಭಸಕ್ಕೆ ಸಾಸಿವೆ ಅಲುಗಾಡಿತು. ಪಡಸಾಲೆಯಿಂದ ಓಡಿ ಬಂದವರ ಪಂಚೆ ಬಾಗಿಲ ಅಗುಳಿಗೆ ಸಿಕ್ಕಿ ಹರಿಯಿತು. "ಲೊಚ್ ಅಂತು. ನಾ ಕೇಳೀನಿ. ಯಾವ ವಾಕ್ಯಕ್ಕ? ಏನಂದಿ ಚಂಪಾ? ಅದನ್ನ ಹಂಗ ಇನ್ನೊಮ್ಮೆ ಹೇಳು."

ಚಂಪಾಳ ಮುಖ ಬಿಳಿಚಿತು. ನಾನು ಹೇಳಿದೆ. "ನಾ ಅಂದದ್ದರಿ. ಸಾರಿಗೆ ಉಪ್ಪು ಹೆಚ್ಚಾಗೇತಿ." ಹಲ್ಲಿ ಮತ್ತೆ ಲೊಚಗುಟ್ಟಿತು, ಪುಣ್ಯಕ್ಕೆ ನಿಜವಾಗಿಯೂ ಹೆಚ್ಚಾಗಿತ್ತು. ಅವರು ಹರಿದ ಪಂಚೆ ಹಿಡಿದುಕೊಂಡು ಸಪ್ಪಗೆ ಮರಳಿದರು.

ಆಮೇಲೆ ನಾನು ಅವರಿಗೆ ಹೇಳಿ ನೋಡಿದೆ. ಈ ಸಲ ಸ್ಟೂಲಿನ ಮೇಲೆ ನಾನು ಕೂರುತ್ತೇನೆ, ನೀವು ಮನೆಯಲ್ಲಿರಿ ಎಂದು. "ನನ್ನ ಮಗಳ ಪರೀಕ್ಷೆ. ನಾ ಕೂಡದ ಮತ್ಯಾರ ಕೂಡಬೇಕು?" ಎಂದರು. ಕೂತದ್ದು ನಾನೇ ಆಗಿದ್ದರೂ ಪ್ರಯೋಜನವಿರಲಿಲ್ಲ ಬಿಡಿ. ಹೊಸ ಪದ್ಧತಿಯಲ್ಲಿ ಯಾರ ಮನೆಯ ಮಗು ಏನು ಹೇಳುತ್ತದೋ ಕೇಳೋಣ ಎಂದು ಇಡೀ ಊರೇ ಹಾಲಿಗೆ ಬರುವುದಿತ್ತು. ಬೆಳಗಿನ ಮಾತು ಮಧ್ಯಾಹ್ನಕ್ಕೆ ಅವರ ಕಿವಿಗೆ ಹೇಗೂ ಬೀಳುತ್ತಿತ್ತು. ಚಂಪಾ ನನಗೆ ಮತ್ತೇನೂ ಹೇಳಲಿಲ್ಲ. ಅಪ್ಪ ಹೇಳಿಕೊಟ್ಟದ್ದನ್ನು ಬಾಯಿಪಾಠ ಮಾಡುತ್ತ ಕೂತಳು. ನಿಜ ಹೇಳಿದರೆ ಅಪ್ಪನಿಗೆ ನೋವು, ಹೇಳದಿದ್ದರೆ ಗುಡ್ಡ ಹತ್ತುವ ಹಾಗಿಲ್ಲ. ಅವಳು ಯಾವುದನ್ನು ಆರಿಸಿಕೊಳ್ಳುತ್ತಾಳೆ ಎಂದು ನನಗೆ ಗೊತ್ತಿತ್ತು. ಸಿಟ್ಟು ಬರುತ್ತಿತ್ತು, ಅವಳ ಮೇಲೂ, ಅವರ ಮೇಲೂ.

ಪರೀಕ್ಷೆಯ ದಿನ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬುತ್ತಿ ಕಟ್ಟಿಕೊಂಡು ಬಂದವರೂ ಇದ್ದರು. ನಾನು ಬೆಂಚಿನ ತುದಿಯಲ್ಲಿ ಹೇಗೋ ತೂರಿಕೊಂಡೆ. ಮೊದಲು ನಿಂತವನು ಮಹಾಂತೇಶ. ನಿದ್ದೆ ಇಷ್ಟ ಎಂದ, ಗಿರಣಿಯ ಬೆಲ್ಟ್ ಕಂಡರೆ ಭಯ ಎಂದ, ಎರಡಕ್ಕೂ ಮೋಟಕ್ಕ ಒಪ್ಪಿತು. ಕಾಲೇಜಿಗೆ ಯಾಕೆ ಬರಬೇಕು ಎಂದದ್ದಕ್ಕೆ, "ಮನ್ಯಾಗ ಗಿರಣಿ ಸಪ್ಪಳಕ್ಕ ಹಗಲಿನ ನಿದ್ದಿ ಹತ್ತೂದಿಲ್ರಿ. ಇಲ್ಲಿ ಕ್ಲಾಸಿನಾಗ ಹತ್ತಬಹುದು ಅಂತ" ಎಂದ. ಲೊಚ್. ಜನ ಬೆಂಚು ತಟ್ಟಿ ತಟ್ಟಿ ನಕ್ಕರು. ಅಂಬಾಬಾಯಿ ಸಮಿತಿಯವರ ಮುಖ ನೋಡಿದರು, ಸಮಿತಿಯವರು ಕಟ್ಟಳೆಯ ಮುಖ ನೋಡಿದರು, ಸೀಟು ಕೊಟ್ಟರು. ಅವನಪ್ಪ ಸ್ಟೂಲಿನ ಮೇಲೆ ಕೂತು ಖುಷಿಪಡಬೇಕೋ ಬೇಡವೋ ತಿಳಿಯದೆ ಟೋಪಿ ತೆಗೆದು ಹಾಕಿ ಮಾಡಿದ. ಅವನ ಹಿಂದೆ ಬಂದ ವಕೀಲರ ಮಗಳು ಸಮಾಜಸೇವೆ ಎಂದು ಎರಡು ಸಲ ಹೇಳಿ ಅಳುತ್ತ ಇಳಿದುಹೋದಳು.

ಚಂಪಾಳ ಹೆಸರು ಕರೆದರು. ನಮ್ಮವರು ಇಸ್ತ್ರಿ ಮಾಡಿದ ಕೋಟು ಹಾಕಿ ಸ್ಟೂಲಿನ ಮೇಲೆ ನೆಟ್ಟಗೆ ಕೂತರು. ಮಾತಾಡುವ ಹಾಗಿಲ್ಲವಾದ್ದರಿಂದ ತುಟಿಗಳನ್ನು ಒಳಗೆಳೆದು ಕಚ್ಚಿಕೊಂಡಿದ್ದರು. ಅಷ್ಟು ಹೊತ್ತು ಅವರು ಸುಮ್ಮನಿದ್ದದ್ದನ್ನು ನಾನು ನೋಡಿರಲಿಲ್ಲ.

"ನಿನಗೆ ಏನು ಇಷ್ಟ?" ಎಂದರು ಅಂಬಾಬಾಯಿ.

ಅಪ್ಪ ಕಲಿಸಿದ್ದು ಓದುವುದು ಇಷ್ಟ ಎಂದು. ಚಂಪಾ ಅದನ್ನೇ ಹೇಳಿದಳು. ಮೋಟಕ್ಕ ಅಲುಗಾಡಲಿಲ್ಲ. ಚಂಪಾ ಎರಡನೆಯ ಸಲ, "ಓಣ್ಯಾಗ ಮಂದಿ ಜಗಳಾಡೂದನ್ನ ಕಿಟಕಿ ಹಿಂದ ನಿಂತು ಕೇಳೂದು ಇಷ್ಟರಿ" ಎಂದಳು. ಲೊಚ್. ನಮ್ಮ ಓಣಿಯವರು ಬೆಂಚು ತಟ್ಟುವಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನಿನಗೆ ಯಾವುದರ ಭಯ?"

ಅಜ್ಞಾನ ಎನ್ನಲು ಬಾಯಿ ತೆರೆದದ್ದು ನನಗೆ ಕಂಡಿತು. ತೆರೆದ ಬಾಯಿ ಹಾಗೇ ನಿಂತಿತು. ಸ್ಟೂಲಿನ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಆಮೇಲೆ ಮೆಲ್ಲನೆ, ಆದರೆ ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದಳು. "ನಾ ಮುಂದಿನ ಪ್ರಶ್ನೆಗೆ ನಿಜ ಹೇಳಿದರ ನಮ್ಮಪ್ಪಗ ನೋವಾಗತೈತಿ ಅಂತ ಭಯ."

ಮೋಟಕ್ಕ ಲೊಚಗುಟ್ಟಿತು. ಎರಡು ಸಲ ಲೊಚಗುಟ್ಟಿತು ಎನ್ನುವವರೂ ಇದ್ದಾರೆ. ಬೆಂಚು ತಟ್ಟಲು ಎತ್ತಿದ ಕೈಗಳು ಅರ್ಧಕ್ಕೇ ನಿಂತವು. ನಮ್ಮವರು ಮಗಳನ್ನು ನೋಡಿದರು. ಆ ನೋಟ ನನಗೆ ಹೊಸದು. ಮಾದರಿ ಉತ್ತರ ಇಲ್ಲದ ಪ್ರಶ್ನೆ ಎದುರಿಗೆ ಬಂದಾಗ ಅವರ ಹಳೆಯ ವಿದ್ಯಾರ್ಥಿಗಳು ಹಾಗೆ ನೋಡುತ್ತಿದ್ದರು.

"ಈ ಕಾಲೇಜಿಗೆ ನೀನು ಯಾಕೆ ಬರಬೇಕು?" ಎಂದು ಅಂಬಾಬಾಯಿ ಕೇಳಿದರು. ಅವರ ದನಿಯೂ ತಗ್ಗಿತ್ತು.

ಚಂಪಾ ಗಡಿಯಾರ ನೋಡುತ್ತ ಬಾಯಿಪಾಠ ಒಪ್ಪಿಸಿದಳು. "ಜ್ಞಾನಾರ್ಜನೆಗೆ, ತಂದೆಯ ಹೆಸರು ಬೆಳಗಿಸಲಿಕ್ಕೆ."

ಮೋಟಕ್ಕ ಸುಮ್ಮನೆ ನೋಡಿತು.

"ಇನ್ನೊಂದೇ ಸಲ ಇದೆ ಮಗಳೇ" ಎಂದರು ಅಂಬಾಬಾಯಿ.

ಚಂಪಾಳ ಕಣ್ಣಲ್ಲಿ ನೀರು ತುಂಬಿತು. ಅವಳು ಹೇಳುವುದಿಲ್ಲ, ಈ ಹುಡುಗಿ ಅಪ್ಪನ ಮುಖ ನೋಡಿಕೊಂಡು ಜನ್ಮ ಪೂರ್ತಿ ಕೆಳಗೇ ಉಳಿಯುತ್ತಾಳೆ ಎಂದು ನನಗೆ ಖಾತ್ರಿಯಾಯಿತು. ನಾನೇ ಎದ್ದು ಕೂಗಬೇಕೆನಿಸಿತು. ಆಗ ನಮ್ಮವರು ಸ್ಟೂಲಿನ ಮೇಲೆ ಮಿಸುಕಾಡಿದರು. ಎದ್ದರೆ ಪರೀಕ್ಷೆ ರದ್ದು. ಎದ್ದುಬಿಡುತ್ತಾರೇನೋ ಎಂದು ನನ್ನ ಜೀವ ಬಾಯಿಗೆ ಬಂತು. ಅವರು ಏಳಲಿಲ್ಲ, ತುಟಿಯನ್ನೂ ಬಿಚ್ಚಲಿಲ್ಲ. ಎರಡೂ ಕೈ ಎತ್ತಿ, ಊರಿಗೆ ಊರೇ ನೋಡುತ್ತಿರುವಾಗ, ತಮ್ಮ ಕಿವಿಗಳೊಳಗೆ ಬೆರಳು ತುರುಕಿಕೊಂಡರು. ಕಣ್ಣೂ ಮುಚ್ಚಿಕೊಂಡರು. ಇಸ್ತ್ರಿ ಮಾಡಿದ ಕೋಟಿನಲ್ಲಿ, ಸ್ನಾನ ಮಾಡಿಸಿಕೊಳ್ಳುವ ಕೂಸಿನ ಹಾಗೆ ಮುಖ ಹಿಂಡಿಕೊಂಡು ಕೂತ ಗುರುಬಸಪ್ಪ ಮಾಸ್ತರರನ್ನು ನೋಡಿ ಹಿಂದಿನ ಬೆಂಚಿನವರು ಕಿಸಕ್ಕನೆ ನಕ್ಕರು. ನಾನು ತಿರುಗಿ ನೋಡಿದೆ, ನಗೆ ನಿಂತಿತು. ಸಮಿತಿಯವರು ಗುಸುಗುಸು ಮಾತಾಡಿಕೊಂಡರು. ಏಳಬಾರದು, ಮಾತಾಡಬಾರದು ಎಂದಿತ್ತು. ಕಿವಿ ಮುಚ್ಚಬಾರದು ಎಂದು ಎಲ್ಲೂ ಇರಲಿಲ್ಲ.

ಚಂಪಾ ಅಪ್ಪನನ್ನೇ ನೋಡುತ್ತ, ಅಳುತ್ತ, ಸ್ಪಷ್ಟವಾಗಿ ಹೇಳಿದಳು. "ನಮ್ಮಪ್ಪನ ದನಿ ಕೇಳಸದ ಕಡೆ ಒಂದಷ್ಟ ದಿನ ಇರಬೇಕು. ಅದಕ್ಕ ಬರಬೇಕು."

ಲೊಚ್ ಎಂದ ಸಪ್ಪಳ ಹಾಲಿನ ಆ ತುದಿಗೂ ಕೇಳಿಸಿತು. ಜನ ಬೆಂಚು ತಟ್ಟಿದರು, ಶಿವ ಶಿವ ಎಂದರು, ಕೆಲವರು ಕಣ್ಣೊರೆಸಿಕೊಂಡರು. ಅಷ್ಟೆಲ್ಲ ಗದ್ದಲಕ್ಕೂ ನಮ್ಮವರು ಬೆರಳು ತೆಗೆಯಲಿಲ್ಲ. ಅಂಬಾಬಾಯಿಯೇ ಇಳಿದು ಬಂದು ಭುಜ ಮುಟ್ಟಿ, "ಮಾಸ್ತರರೇ, ಸೀಟು ಆಯಿತು" ಎಂದು ಕೂಗಿ ಹೇಳಬೇಕಾಯಿತು.

ಗುಡ್ಡ ಇಳಿದು ಬರುವಾಗ ಎದುರಾದವರು ಶುಭಾಶಯ ಹೇಳಿದರು, ನಮ್ಮವರು ತಲೆ ಆಡಿಸಿದರು. ಮನೆಗೆ ಬಂದು ಕೋಟು ಬಿಚ್ಚಿ ಗೂಟಕ್ಕೆ ಹಾಕಿ ಊಟಕ್ಕೆ ಕೂತರು. ನಾನು ರೊಟ್ಟಿ ಬಡಿಯುತ್ತಿದ್ದೆ. ಚಂಪಾ ಬಡಿಸುತ್ತಿದ್ದಳು, ಅಪ್ಪನ ಮುಖ ನೋಡುವ ಧೈರ್ಯ ಅವಳಿಗಿರಲಿಲ್ಲ. ಅವಳು ಹಾಕಿದ ಪಲ್ಯ ತಾಟಿನ ಹೊರಗೆ ಬಿದ್ದದ್ದನ್ನು ಅವರು ನೋಡಿದರು. ಒಂದು ತುತ್ತು ಮುರಿದರು, ಕೆಳಗಿಟ್ಟರು.

"ನನಗ ಒಂದಕ್ಷರನೂ ಕೇಳಸಲಿಲ್ಲ ನೋಡವ್ವಾ" ಎಂದರು. "ಬೆರಳ ಗಟ್ಟಿಯಾಗಿ ಒತ್ತಿದ್ನಿ."

ನನ್ನ ಕೈ ತಾನಾಗಿ ನೆಲ ತಟ್ಟಲು ಮಡಚಿಕೊಂಡಿತು. ಹಂಚಿನ ಮೇಲೆ ರೊಟ್ಟಿ ಉಬ್ಬಿತು, ಇಳಿಯಿತು. ಸಾಸಿವೆ ಡಬ್ಬಿಯ ಹಿಂದಿನದು, ದೀಪದ ಪಕ್ಕದ್ದು, ಅವರೇ ದೀಪ ಉರಿಸಿ ಸಾಕಿದ ಅಷ್ಟೂ ಹಲ್ಲಿಗಳು ಗೋಡೆಯ ಮೇಲೆ ಇದ್ದವು. ಒಂದೂ ಲೊಚಗುಟ್ಟಲಿಲ್ಲ. ಅವರ ಕಿವಿಗಳು ಕೆಂಪಗೆ ಕೆಂಡವಾಗಿದ್ದವು.

ಮೂವರಲ್ಲಿ ಯಾರೂ ಗೋಡೆಯ ಕಡೆ ನೋಡಲಿಲ್ಲ. ಚಂಪಾ ಹಂಚಿನ ಮೇಲಿನ ಬಿಸಿ ರೊಟ್ಟಿ ತೆಗೆದು ಅಪ್ಪನ ತಾಟಿಗೆ ಹಾಕಿ, ಅದರ ಮೇಲೆ ಬೆಣ್ಣೆ ಇಟ್ಟು, ಅವರ ಪಕ್ಕದಲ್ಲೇ ಕೂತಳು.